ಮನೆ ಬಿಡಲಾಗದ ಮಗಳು: 'ಅವಳ್ ಒರು ತೊಡರ್ ಕಥೈ' ಚಿತ್ರದ ಲೆಕ್ಕಾಚಾರ

ಆರತಕ್ಷತೆಗೆ ಆರ್ಕೆಸ್ಟ್ರಾ ಕರೆಸುವ ಮನೆಗಳಲ್ಲಿ ಒಂದು ಹಾಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 'ತಾಳಿ ಕಟ್ಟುವ ಶುಭವೇಳೆ.' ಗಾಯಕನ ಪಕ್ಕದಲ್ಲಿ ಮಿಮಿಕ್ರಿ ಬಲ್ಲ ಹುಡುಗನೊಬ್ಬ ಇನ್ನೊಂದು ಮೈಕ್ ಹಿಡಿದು ನಿಂತಿರುತ್ತಾನೆ. ಸಾಲು ಮುಗಿದಲ್ಲೆಲ್ಲ ಅವನ ಗಂಟಲಿನಿಂದ ಹಕ್ಕಿಯೋ ಪ್ರಾಣಿಯೋ ಕೂಗುತ್ತದೆ. ಮಕ್ಕಳು ಓಡಿಬಂದು ವೇದಿಕೆಯ ಕೆಳಗೆ ಕೂರುತ್ತವೆ. ಊಟದ ಪಂಕ್ತಿಗೆ ಹೊರಟಿದ್ದ ಹಿರಿಯರೂ ಎರಡು ನಿಮಿಷ ತಡೆದು ನಿಲ್ಲುತ್ತಾರೆ. ವಧೂವರರು ಉಡುಗೊರೆ ತೆಗೆದುಕೊಳ್ಳುತ್ತ, ಫೋಟೊಗೆ ನಗುತ್ತ ಇರುತ್ತಾರೆ.

ಆ ಹಾಡು ಬಂದದ್ದು ತನ್ನ ಮದುವೆ ನಡೆಯದೆ ಹೋದ ಹೆಣ್ಣೊಬ್ಬಳ ಕಥೆಯಿಂದ ಎಂಬುದು ಛತ್ರದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಕನ್ನಡದಲ್ಲಿ ಅದು 1983ರ 'ಬೆಂಕಿಯಲ್ಲಿ ಅರಳಿದ ಹೂವು' ಚಿತ್ರದ್ದು. ಆ ಚಿತ್ರದ ಬೇರು ಇರುವುದು ಒಂಬತ್ತು ವರ್ಷ ಹಿಂದಿನ ಮದ್ರಾಸಿನಲ್ಲಿ. ಕೆ. ಬಾಲಚಂದರ್ ನಿರ್ದೇಶಿಸಿದ 'ಅವಳ್ ಒರು ತೊಡರ್ ಕಥೈ' 1974ರ ನವೆಂಬರಿನಲ್ಲಿ ತೆರೆಕಂಡಿತು. ಕಪ್ಪು ಬಿಳುಪಿನ ಚಿತ್ರ. ಎಂ. ಎಸ್. ವಿಶ್ವನಾಥನ್ ಸಂಗೀತ, ಕಣ್ಣದಾಸನ್ ಸಾಹಿತ್ಯ. ನಾಯಕಿಯಾಗಿ ಸುಜಾತಾ. ಸಿಂಹಳದ ಗಾಲೆಯಲ್ಲಿ ಹುಟ್ಟಿ, ಮಲಯಾಳಂ ಚಿತ್ರಗಳಲ್ಲಿ ನಟಿಸುತ್ತಿದ್ದ ಇಪ್ಪತ್ತೊಂದರ ಹುಡುಗಿ ಆಕೆ.

ಈ ಚಿತ್ರದ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಕೇಳಿಬರುವ ಶಬ್ದ 'ತ್ಯಾಗ'. ಕುಟುಂಬಕ್ಕಾಗಿ ಪ್ರೇಮವನ್ನು ತ್ಯಾಗ ಮಾಡಿದ ಹೆಣ್ಣು, ಕರಗಿ ಬೆಳಕು ಕೊಟ್ಟ ಮೇಣದಬತ್ತಿ ಇತ್ಯಾದಿ. ನನಗೆ ಈ ಶಬ್ದದ ಮೇಲೆ ಅನುಮಾನ. ತ್ಯಾಗ ಎಂದುಬಿಟ್ಟರೆ ನಾವು ಕೈ ಮುಗಿದು ಎದ್ದುಬರಬಹುದು, ಅವಳನ್ನು ಆ ಸ್ಥಿತಿಗೆ ತಂದವರು ಯಾರು ಎಂದು ಕೇಳಬೇಕಾಗಿಲ್ಲ. ಬಾಲಚಂದರ್ ಮಾತ್ರ ಕೇಳುತ್ತಾರೆ, ಅದೂ ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡವರ ಹಾಗೆ. ಸಿನಿಮಾಕ್ಕೆ ಬರುವ ಮುನ್ನ ಅವರು ಮದ್ರಾಸಿನ ಅಕೌಂಟೆಂಟ್ ಜನರಲ್ ಕಚೇರಿಯ ನೌಕರರಾಗಿದ್ದವರು. ಹಗಲು ಕಚೇರಿ, ಸಂಜೆ ನಾಟಕ. ತಿಂಗಳ ಸಂಬಳದ ಮೇಲೆ ನಿಂತ ಮನೆ ಹೇಗಿರುತ್ತದೆ ಎಂಬುದನ್ನು ಅವರು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಆ ಮನೆಯನ್ನೇ ಮೊದಲು ನೋಡೋಣ. ದುಡಿಯುವವಳು ಒಬ್ಬಳೇ, ಕವಿತಾ. ಅವಳ ಸಂಬಳದ ಮೇಲೆ ಬದುಕುವವರು: ತಾಯಿ, ಕುಡುಕ ಅಣ್ಣ ಮೂರ್ತಿ, ಅವನ ಹೆಂಡತಿ, ಅವನ ಮಕ್ಕಳು, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ತಂಗಿ ಭಾರತಿ, ಮದುವೆಗೆ ಬಂದ ಇನ್ನೊಬ್ಬಳು ತಂಗಿ, ಕಣ್ಣು ಕಾಣದ ತಮ್ಮ. ತಂದೆ ಇಲ್ಲ. ಸತ್ತಿದ್ದಾನೆಂದಲ್ಲ. ಸಂಸಾರ ಸಾಕೆನಿಸಿ ಮನೆ ಬಿಟ್ಟು ಯಾತ್ರೆ ಹಿಡಿದು ಹೋಗಿದ್ದಾನೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಒಬ್ಬೊಬ್ಬರೂ ದುಡಿಯದಿರುವುದಕ್ಕೆ ಒಂದೊಂದು ಕಾರಣವಿದೆ. ಕೆಲವು ನ್ಯಾಯವಾದದ್ದು, ಕೆಲವು ನೆಪ. ಕುರುಡುತನ ನ್ಯಾಯ, ಕುಡಿತ ನೆಪ. ವೈಧವ್ಯ? ಅದು ಸಮಾಜ ಕೊಟ್ಟ ಕಾರಣ. ಭಾರತಿಗೆ ಕೈಕಾಲು ಗಟ್ಟಿ ಇದೆ, ವಯಸ್ಸಿದೆ, ಆಸೆಯೂ ಇದೆ. ಆದರೂ ಅವಳನ್ನು ಮೂಲೆಯಲ್ಲಿ ಕೂರಿಸಲಾಗಿದೆ. ಚಿತ್ರಕಥೆಯ ಮೊದಲ ಜಾಣತನ ಇಲ್ಲಿದೆ. ಮನೆಯಲ್ಲಿ ಎಷ್ಟು ಜನರಿದ್ದಾರೆ ಎನ್ನುವುದಕ್ಕಿಂತ, ಕವಿತಾಳ ಜಾಗಕ್ಕೆ ನಿಲ್ಲಬಲ್ಲವರು ಎಷ್ಟು ಜನ ಎಂಬುದನ್ನು ಅದು ಎಣಿಸುತ್ತದೆ. ಒಬ್ಬನೇ ಒಬ್ಬ, ಮೂರ್ತಿ. ಅವನು ಕುಡಿದು ಬೀದಿಯಲ್ಲಿದ್ದಾನೆ. ಮುಂದಿನ ಕಥೆಯೆಲ್ಲ ಈ ಒಂದು ಅಂಕಿಯ ಮೇಲೆ ತಿರುಗುತ್ತದೆ.

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬುದು ನಮ್ಮ ಗಾದೆ. ತಮಿಳು ಮನೆಗಳ ನಡವಳಿಕೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಮಗನಿಗೆ ಮದುವೆ ಮಾಡಿದರೆ ಮನೆಗೆ ಒಬ್ಬಳು ಬರುತ್ತಾಳೆ, ಮಗಳಿಗೆ ಮಾಡಿದರೆ ಮನೆಯಿಂದ ಒಬ್ಬಳು ಹೋಗುತ್ತಾಳೆ. ಶತಮಾನಗಳಿಂದ ಈ ವ್ಯವಸ್ಥೆ ನಡೆದುಕೊಂಡು ಬಂದದ್ದು ಹೋಗುವವಳು ಸಂಬಳ ತರುವವಳಲ್ಲ ಎಂಬ ನಂಬಿಕೆಯ ಮೇಲೆ. ಮಗಳನ್ನು ಓದಿಸಿ ಕಚೇರಿಗೆ ಕಳಿಸಿದ ದಿನ ಆ ನಂಬಿಕೆ ಬಿರುಕುಬಿಟ್ಟಿತು, ಗಾದೆ ಹಾಗೆಯೇ ಉಳಿಯಿತು. ಈಗ ಅವಳಿಗೆ ತಾಳಿ ಕಟ್ಟಿಸಿದರೆ ಹುಡುಗಿಯ ಜೊತೆಗೆ ತಿಂಗಳ ಅಕ್ಕಿ ಬೇಳೆಯೂ ಹೊಸ್ತಿಲು ದಾಟುತ್ತದೆ. ಹಾಗಾಗಿ ಅವಳ ಮದುವೆಯನ್ನು ಯಾರೂ ಬೇಡ ಎನ್ನುವುದಿಲ್ಲ, 'ಇನ್ನು ಸ್ವಲ್ಪ ದಿನ ಹೋಗಲಿ' ಎನ್ನುತ್ತಾರೆ, ಅಷ್ಟೆ. ಗಂಡು ಮಗ ದುಡಿದು ಮನೆ ನಡೆಸುತ್ತಿದ್ದರೆ ಮದುವೆಗೂ ಸಂಬಳಕ್ಕೂ ಜಗಳವೇ ಇರುತ್ತಿರಲಿಲ್ಲ.

ಮದುವೆಯಾದ ಮೇಲೂ ತವರಿಗೆ ಹಣ ಕಳಿಸಬಹುದಿತ್ತಲ್ಲ ಎಂದು ಇಂದಿನವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಕಾಲದ ಮಧ್ಯಮವರ್ಗದಲ್ಲಿ ಸೊಸೆಯ ಸಂಬಳ ಗಂಡನ ಮನೆಯದು. ತವರಿನಲ್ಲಿ ಒಂದಿಡೀ ಸಂಸಾರ ಅವಳ ಕೈ ನೋಡುತ್ತಿದೆ ಎಂದು ಗೊತ್ತಿದ್ದೂ ಕೈ ಹಿಡಿಯುವ ಗಂಡು ಸಿಗಬೇಕು, ಅವನಿಗಿಂತ ದೊಡ್ಡ ಮನಸ್ಸಿನ ಅತ್ತೆ ಸಿಗಬೇಕು.

ಕಾನೂನಿನ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಕುತೂಹಲಕರವಾಗುತ್ತದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, ವಯಸ್ಸಾದ ಅಥವಾ ಅಶಕ್ತರಾದ ತಂದೆತಾಯಿಯನ್ನು ಪೋಷಿಸುವ ಹೊಣೆಯನ್ನು ಮಗನ ಮೇಲೆ ಹೇಗೋ ಮಗಳ ಮೇಲೂ ಹಾಗೆಯೇ ಹೊರಿಸಿತ್ತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಹುಟ್ಟಿನಿಂದಲೇ ಬರುವ ಪಾಲು ತಮಿಳುನಾಡಿನ ಹೆಣ್ಣುಮಕ್ಕಳಿಗೆ ದೊರೆತದ್ದು 1989ರಲ್ಲಿ. ಕರ್ನಾಟಕದಲ್ಲಿ 1994, ದೇಶಕ್ಕೆಲ್ಲ 2005. ಅಂದರೆ ಕವಿತಾ ತೆರೆಯ ಮೇಲೆ ಬಂದ ವರ್ಷ, ಅವಳಂಥವಳಿಗೆ ಮಗನ ಹೊರೆ ಇತ್ತು, ಮಗನ ಪಾಲು ಇರಲಿಲ್ಲ. ಈ ಬಡ ಮನೆಯಲ್ಲಿ ಹಂಚಿಕೊಳ್ಳಲು ಆಸ್ತಿಯೇ ಇಲ್ಲ, ಆ ಮಾತು ಬೇರೆ. ಇನ್ನೊಂದನ್ನೂ ಗಮನಿಸಬೇಕು. ಆ ಕಾಯ್ದೆ ಅವಳನ್ನು ಕಟ್ಟಿಹಾಕುತ್ತಿದ್ದದ್ದು ಹೆತ್ತವರ ಮಟ್ಟಿಗೆ ಮಾತ್ರ. ಅಣ್ಣನ ಮಕ್ಕಳ ಹಾಲಿಗೆ, ಅತ್ತಿಗೆಯ ಸೀರೆಗೆ, ತಂಗಿಯ ಮದುವೆಗೆ ಯಾವ ನ್ಯಾಯಾಲಯವೂ ಅವಳನ್ನು ಕರೆದು ಕೇಳುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಋಣದ ಕಾನೂನು. ಅದಕ್ಕೆ ಮೇಲ್ಮನವಿ ಇಲ್ಲ.

ಹಾಗಿದ್ದರೆ ಬಿಟ್ಟುಹೋಗುವ ಬಾಗಿಲುಗಳೇ ಇರಲಿಲ್ಲವೇ? ಇದ್ದವು, ಗಂಡಸರಿಗೆ. ತಂದೆ ಸನ್ಯಾಸದ ಬಾಗಿಲಿನಿಂದ ಹೋದ. ಅದು ಮರ್ಯಾದೆಯ ಬಾಗಿಲು. ಹೋದವನನ್ನು ಊರು ಹಳಿಯುವುದಿಲ್ಲ, ಎದುರು ಸಿಕ್ಕರೆ ಕಾಲಿಗೂ ಬೀಳುತ್ತದೆ. ಹಿಂದೂ ನ್ಯಾಯಶಾಸ್ತ್ರದ ಪ್ರಕಾರ ವಿಧಿವತ್ತಾಗಿ ಸನ್ಯಾಸ ಪಡೆದವನು ಸಂಸಾರದ ಪಾಲಿಗೆ ಸತ್ತವನ ಸಮ. ಅಣ್ಣ ಕುಡಿತದ ಬಾಗಿಲಿನಿಂದ ಹೋದ. ಅವನಿಗೆ ಬೈಗುಳ ಸಿಗುತ್ತದೆ, ಆದರೆ ಹೊತ್ತು ಮೀರಿ ಬಂದರೂ ತಟ್ಟೆಯಲ್ಲಿ ಅನ್ನ ಇರುತ್ತದೆ. ಬಾಲಚಂದರ್ ಈ ಮೂರ್ತಿಯ ಬಾಯಲ್ಲಿ ಒಂದು ತತ್ತ್ವದ ಹಾಡು ಇಡುತ್ತಾರೆ, 'ದೈವಂ ತಂದ ವೀಡು', ಯೇಸುದಾಸ್ ದನಿಯಲ್ಲಿ. ದೇವರು ಕೊಟ್ಟ ಮನೆ ಬೀದಿ ಇರುವಾಗ ಊರೇನು, ಸ್ವಂತ ಮನೆಯೇನು ಎಂಬ ಧಾಟಿ. ಕೇಳಲು ಎಷ್ಟು ಚೆಂದವೆಂದರೆ, ಈ ವೈರಾಗ್ಯದ ಖರ್ಚನ್ನು ತಂಗಿ ಭರಿಸುತ್ತಿದ್ದಾಳೆ ಎಂಬುದೇ ಮರೆತುಹೋಗುತ್ತದೆ. ತಂದೆ ಕಾವಿ ಉಟ್ಟು ಹೇಳಿದ್ದನ್ನು ಮಗ ಅಮಲಿನಲ್ಲಿ ಹೇಳುತ್ತಿದ್ದಾನೆ. ಅದೇ ಮಾತನ್ನು ಕವಿತಾ ಹೇಳಿದರೆ ಮರುದಿನ ಒಲೆ ಹೊತ್ತುವುದಿಲ್ಲ.

ಇಂಥ ಮನೆಯ ಹೆಣ್ಣಿಗೆ ಪ್ರೇಮ ಬಂದರೆ ಏನಾಗಬೇಕು? ಕವಿತಾಳಿಗೆ ತಿಲಕ್ ಎಂಬ ಬಹುಕಾಲದ ಗೆಳೆಯನಿದ್ದಾನೆ. ವಿಜಯಕುಮಾರ್ ಈ ಪಾತ್ರದಲ್ಲಿದ್ದಾರೆ. ಅವನು ಕೆಟ್ಟವನಲ್ಲ, ಮೋಸಗಾರನೂ ಅಲ್ಲ, ಕಾಯುತ್ತಾನೆ. ಮದುವೆಯಾಗೋಣ ಎನ್ನುತ್ತಾನೆ. ಅವಳು ಮುಂದೂಡುತ್ತಾಳೆ. ಕಾಯುವುದಕ್ಕೂ ಒಂದು ಮಿತಿ ಇದೆ. ಮನೆಗೆ ಬಂದು ಹೋಗುತ್ತಿದ್ದವನ ಕಣ್ಣು ನಿಧಾನವಾಗಿ ಭಾರತಿಯ ಕಡೆ ಹೊರಳುತ್ತದೆ. ವಿಧವೆಯಾದ ಆ ಹುಡುಗಿಯಲ್ಲೂ ಬತ್ತಿದ್ದ ಏನೋ ಒಂದು ಚಿಗುರುತ್ತದೆ. ಶ್ರೀಪ್ರಿಯಾ ಈ ಪಾತ್ರವನ್ನು ಪಾಪದ ಹುಡುಗಿಯಾಗಿಯೂ ಅಲ್ಲ, ಜಾಣೆಯಾಗಿಯೂ ಅಲ್ಲ, ಬರಿಯ ಹರೆಯದ ಹಸಿವಾಗಿ ನಿಭಾಯಿಸಿದ್ದಾರೆ.

ಒಂದು ದಿನ ತಿಲಕ್ ಬರೆದ ಪ್ರೇಮಪತ್ರ ಕವಿತಾಳ ಕೈಗೆ ಸಿಗುತ್ತದೆ. ಅದು ಬರೆದಿರುವುದು ತಂಗಿಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾವುದೇ ಸಾಧಾರಣ ಕೌಟುಂಬಿಕ ಚಿತ್ರದಲ್ಲಿ ಈ ಪತ್ರದ ಮುಂದಿನ ದೃಶ್ಯ ಕಣ್ಣೀರು, ತಂಗಿಯ ಮೇಲೆ ಸಿಟ್ಟು, ಕೊನೆಗೆ ದೊಡ್ಡತನ, ಈ ಕ್ರಮದಲ್ಲಿ ಬರುತ್ತದೆ. ಕವಿತಾ ಮಾಡುವುದು ಅವರಿಬ್ಬರ ಮದುವೆಯನ್ನು ಗೊತ್ತುಮಾಡುವುದು. ಯಾಕೆ? ಪ್ರೀತಿ ಸತ್ತಿತ್ತೆಂದಲ್ಲ. ಭಾರತಿಯ ಆಸೆಗಳು ದಾರಿ ತಪ್ಪಬಹುದು ಎಂಬ ಅಂಜಿಕೆ ಅವಳಿಗೆ ಮೊದಲಿನಿಂದಲೂ ಇದೆ. ವಿಧವೆಯನ್ನು ಕೇಳಿ ಬರುವ ಗಂಡು ಸಿಗುವುದು ದುರ್ಲಭ. 1856ರಷ್ಟು ಹಿಂದೆಯೇ ವಿಧವಾ ಪುನರ್ವಿವಾಹಕ್ಕೆ ಕಾನೂನು ಒಪ್ಪಿಗೆ ಕೊಟ್ಟಿದ್ದರೂ, ಅದರ 118 ವರ್ಷಗಳ ನಂತರವೂ ಆ ಮಾತನ್ನು ಮನೆಯಲ್ಲಿ ಎತ್ತಲು ಎದೆಗಾರಿಕೆ ಬೇಕಿತ್ತು. ಈಗ ಗಂಡು ತಾನಾಗಿ ಬಂದಿದ್ದಾನೆ. ಅವನು ಒಳ್ಳೆಯವನೆಂಬುದು ಕವಿತಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೊತೆಗೆ ಮನೆಯಲ್ಲಿ ಉಣ್ಣುವ ಒಂದು ಬಾಯಿ ಕಡಿಮೆ. ಎದೆ ಏನೇ ಹೇಳಲಿ, ಲೆಕ್ಕ ಮಾತ್ರ ತಾಳೆಯಾಗುತ್ತದೆ. ಈ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಅವಳ ನಿರ್ಧಾರ ತಪ್ಪಾಗಿದ್ದರೆ ನಾವು ಅವಳ ಜೊತೆ ಜಗಳ ತೆಗೆಯಬಹುದಿತ್ತು. ಅದು ಸರಿಯಾಗಿದೆ, ಅದಕ್ಕೇ ಸಹಿಸುವುದು ಕಷ್ಟ. ಕಣ್ಣಿನಲ್ಲಿ ಏನಿದೆ ಎಂಬುದು ಕಣ್ಣಿಗೇ ಗೊತ್ತು ಎಂಬ ಅರ್ಥದ ಹಾಡೊಂದು ಎಸ್. ಜಾನಕಿಯವರ ದನಿಯಲ್ಲಿ ಚಿತ್ರದಲ್ಲಿದೆ. ಮಾತಿನಲ್ಲಿ ಹೇಳಲಾರದ್ದನ್ನು ಕವಿತಾ ಆ ಹಾಡಿನ ಪಾಲಿಗೆ ಬಿಟ್ಟಿದ್ದಾಳೆ.

ಅವಳ ಪಕ್ಕದಲ್ಲಿ ನಿರ್ದೇಶಕರು ಇನ್ನೊಬ್ಬಳನ್ನು ನಿಲ್ಲಿಸುತ್ತಾರೆ. ಗೆಳತಿ ಚಂದ್ರಾ. ಬಿಡುಬೀಸು ಸ್ವಭಾವ, ನಾಳೆಯ ಚಿಂತೆಯಿಲ್ಲ, ಮಾತು ಮಾತಿಗೂ 'ಫಟಾಫಟ್'. ಆ ಶಬ್ದ ಎಷ್ಟು ಜನಪ್ರಿಯವಾಯಿತೆಂದರೆ ನಟಿ ಜಯಲಕ್ಷ್ಮಿ ಬದುಕಿರುವವರೆಗೂ 'ಫಟಾಫಟ್' ಜಯಲಕ್ಷ್ಮಿಯಾಗಿಯೇ ಉಳಿದರು. ಹೊರೆಯಿಲ್ಲದ ಹೆಣ್ಣು ಸುಖಿಯೇ ಎಂಬ ಪ್ರಶ್ನೆಗೆ ಚಂದ್ರಾ ಉತ್ತರ. ಅವಳು ನಂಬಿದ ಗಂಡಸು ಅವಳ ವಿಧವೆ ತಾಯಿಯ ಜೊತೆಗೂ ಸಂಬಂಧ ಇಟ್ಟುಕೊಂಡಿರುತ್ತಾನೆ. 1974ರಲ್ಲಿ ಇದನ್ನು ತೆರೆಗೆ ತರುವುದು ಸಣ್ಣ ಮಾತಾಗಿರಲಿಲ್ಲ. ಆದರೆ ನನಗೆ ಈ ಭಾಗ ಅಷ್ಟು ಹಿಡಿಸುವುದಿಲ್ಲ. ಮನಸ್ಸಿಗೆ ಬಂದಂತೆ ಬದುಕಲು ಹೊರಟವಳಿಗೆ ಪೆಟ್ಟು ಬೀಳಲೇಬೇಕು ಎಂಬ ಹಳೆಯ ನಿಯಮಕ್ಕೆ ಬಾಲಚಂದರ್ ಕೂಡ ಇಲ್ಲಿ ಸಹಿ ಹಾಕಿದಂತೆ ಕಾಣುತ್ತದೆ.

ಹಿಂದಿನ ವರ್ಷವಷ್ಟೇ, 1973ರಲ್ಲಿ, ಅವರು 'ಅರಂಗೇಟ್ರಂ' ಮಾಡಿದ್ದರು. ಅಲ್ಲಿ ದೊಡ್ಡ ಸಂಸಾರದ ಬಡ ಪುರೋಹಿತನ ಮಗಳು ಮನೆಯವರ ಹೊಟ್ಟೆ ತುಂಬಿಸಲು ಮೈ ಮಾರಿಕೊಳ್ಳುತ್ತಾಳೆ, ಅವಳ ಹಣದಲ್ಲಿ ಮೇಲೆ ಬಂದವರೇ ಅವಳನ್ನು ಹೊರಗಿಡುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿರ್ದೇಶಕರು ಒಂದೇ ಗಾಯವನ್ನು ಎರಡು ಸಲ ಮುಟ್ಟಿದ್ದಾರೆ ಎನಿಸುತ್ತದೆ. ಮೊದಲ ಸಲ ಬೊಬ್ಬೆ ಎದ್ದಿತು, ಜಾತಿಯವರು ಸಿಟ್ಟಾದರು. ಎರಡನೆಯ ಸಲ ಅವರು ಮಗಳನ್ನು ಮರ್ಯಾದೆಯ ಕಚೇರಿ ಕೆಲಸಕ್ಕೆ ಕಳಿಸಿದರು. ಪ್ರೇಕ್ಷಕರಿಗೆ ಬೆರಳು ತೋರಿಸಲು ಈ ಸಲ ಏನೂ ಉಳಿಯಲಿಲ್ಲ. ಆ ಮನೆ ಅವರದೇ ಮನೆಯ ಹಾಗಿತ್ತು.

ಕವಿತಾಳ ನಾಲಿಗೆಯ ಬಗ್ಗೆ ಹೇಳದಿದ್ದರೆ ಈ ಚಿತ್ರದ ಅರ್ಧ ವಿಷಯ ಬಿಟ್ಟಂತೆ. ಅವಳು ಸಿಡುಕಿ. ದುಡ್ಡು ಕೊಡುವಾಗ ಜೊತೆಗೊಂದು ಮಾತನ್ನೂ ಎಸೆಯುತ್ತಾಳೆ. ತಾಯಿಯ ಮುಂದೆ, ಅತ್ತಿಗೆಯ ಮುಂದೆ, ಅಣ್ಣನ ಮುಂದೆ ಅವಳ ದನಿ ಮೆತ್ತಗಾಗುವುದಿಲ್ಲ. ಅಲ್ಲಿಯವರೆಗಿನ ತಮಿಳು ಚಿತ್ರಗಳ ಹೊರೆ ಹೊತ್ತ ಹೆಣ್ಣುಗಳು ನೊಂದರೂ ನಗುತ್ತಿದ್ದವರು, ಒಳಗೆ ಅತ್ತು ಹೊರಗೆ ಬಡಿಸುತ್ತಿದ್ದವರು. ಇವಳು ಬೈದು ಬಡಿಸುತ್ತಾಳೆ. ಮನೆಯವರಿಗೆ ಅವಳ ಸಂಬಳ ಬೇಕು, ಅವಳ ಮುಖ ಬೇಡ. ಅವಳಿಲ್ಲದಾಗ ಮನೆ ಸಡಿಲಾಗಿ ಉಸಿರಾಡುತ್ತದೆ, ಅವಳು ಬಂದ ಸದ್ದಾದರೆ ಬಿಗಿಯುತ್ತದೆ. ಇದೆಲ್ಲಿ ನೋಡಿದ್ದೇವೆ ಎಂದು ಯೋಚಿಸಿದರೆ ಉತ್ತರ ಹೊಳೆಯುತ್ತದೆ: ನಮ್ಮ ತಂದೆಯಂದಿರು ಕಚೇರಿಯಿಂದ ಬರುವ ಹೊತ್ತಿನಲ್ಲಿ. ದುಡಿಯುವ ಗಂಡಸಿನ ಕೋಪಕ್ಕೆ ನಾವು ಕೊಟ್ಟುಕೊಂಡು ಬಂದ ರಿಯಾಯಿತಿಯನ್ನು ದುಡಿಯುವ ಹೆಣ್ಣಿಗೆ ಕೊಡಲು ಆ ಮನೆ ಸಿದ್ಧವಿಲ್ಲ. ಸುಜಾತಾ ಈ ಬಿರುಸನ್ನು ಎಲ್ಲೂ ತೊಳೆದು ಮೃದುಮಾಡಿಲ್ಲ. ಅವರ ದೊಡ್ಡ ಕಣ್ಣುಗಳು ಪ್ರೇಕ್ಷಕನ ಕನಿಕರವನ್ನು ಬೇಡುವುದಿಲ್ಲ. ಆ ನಟನೆ ಐವತ್ತು ವರ್ಷಗಳ ನಂತರವೂ ಹಳತಾಗದಿರುವುದು ಅದಕ್ಕೇ ಇರಬೇಕು.

ಕಥೆಯ ಕೊನೆಯ ಭಾಗಕ್ಕೆ ಬರೋಣ. ಕವಿತಾಳ ಕಚೇರಿಯ ಮೇಲಧಿಕಾರಿ ಅರುಣ್ ಅವಳನ್ನು ಮದುವೆಯಾಗಲು ಬಯಸುತ್ತಾನೆ. ಮಲಯಾಳಂ ನಟ ಎಂ. ಜಿ. ಸೋಮನ್ ಈ ಪಾತ್ರದಲ್ಲಿದ್ದಾರೆ. ಅದೇ ಹೊತ್ತಿಗೆ ಮೂರ್ತಿ ಬದಲಾಗತೊಡಗುತ್ತಾನೆ, ಜವಾಬ್ದಾರಿಗೆ ಹೆಗಲು ಕೊಡುತ್ತಾನೆ. ಅವಳ ಜಾಗಕ್ಕೆ ನಿಲ್ಲಬಲ್ಲ ಒಬ್ಬನೇ ಒಬ್ಬ ಈಗ ನಿಂತಿದ್ದಾನೆ. ಅವನು ನಿಂತ ಮೇಲೆಯೇ ಕವಿತಾ ಹೂಂ ಎನ್ನುವುದು. ತನ್ನ ಬಿಡುಗಡೆಯನ್ನೂ ಅವಳು ಕೆಲಸ ಹಸ್ತಾಂತರಿಸುವ ನೌಕರಳಂತೆ ಕ್ರಮಬದ್ಧವಾಗಿ ಪಡೆಯುತ್ತಾಳೆ. ಮದುವೆಯ ದಿನ ಬರುತ್ತದೆ. ಆ ದಿನವೇ ಮೂರ್ತಿಯ ಕೊಲೆಯಾಗುತ್ತದೆ. ಹಸೆಮಣೆಯ ತನಕ ಬಂದ ಕವಿತಾ ತನ್ನ ಜಾಗದಲ್ಲಿ ತಂಗಿಯನ್ನು ಕೂರಿಸಿ ಅರುಣ್ ಜೊತೆ ಮದುವೆ ಮಾಡಿಸುತ್ತಾಳೆ. ಆಮೇಲೆ ಮತ್ತೆ ಕೆಲಸಕ್ಕೆ ಹೊರಡುತ್ತಾಳೆ.

ಈ ಕೊಲೆ ಕೃತಕ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಸರಿಯಾಗಿ ಮುಹೂರ್ತ ನೋಡಿಕೊಂಡೇ ಸಾವು ಬರುವುದು ನಾಟಕದ ರಂಗದಿಂದ ಬಂದವರ ಚಟ. ಬಾಲಚಂದರ್ ಅದನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಕೊಲೆಯನ್ನು ತೆಗೆದು, ಅದರ ಜಾಗದಲ್ಲಿ ಮೂರ್ತಿಗೆ ಕೆಲಸ ಹೋಯಿತು ಎಂದೋ ಮತ್ತೆ ಕುಡಿತಕ್ಕೆ ಬಿದ್ದ ಎಂದೋ ಇಟ್ಟು ನೋಡಿ. ಫಲಿತಾಂಶ ಬದಲಾಗುವುದಿಲ್ಲ. ಬದಲಿ ನಿಂತವನು ಬಿದ್ದರೆ ಅವಳು ಹಿಂದಿರುಗಬೇಕು. ಸಾವು ಕೃತಕ, ಅದರಿಂದ ಬರುವ ತೀರ್ಮಾನ ಕೃತಕವಲ್ಲ.

ಮುಂದೆ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬೀಳುತ್ತದೆ. ಅವಳನ್ನು ಬಯಸಿದ ಗಂಡಸರು ಇಬ್ಬರು, ಇಬ್ಬರೂ ಅವಳ ಭಾವಮೈದುನರಾದರು. ವಿಧವೆ ತಂಗಿಗೆ ಒಬ್ಬ, ಕನ್ಯೆ ತಂಗಿಗೆ ಒಬ್ಬ. ಆ ಮನೆಯಲ್ಲಿ ಅವಳ ಸಂಬಳ ಹೇಗೆ ಹಂಚಿಹೋಗುತ್ತದೋ ಅವಳಿಗೆ ಬಂದ ಪ್ರೀತಿಯೂ ಹಾಗೆಯೇ ಹಂಚಿಹೋಗುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದು ಹದಿಮೂರು ವರ್ಷವಾಗಿದ್ದರೂ ಹೆಣ್ಣಿನ ಮದುವೆ ಎಂದರೆ ಸಾಲ ಎಂದಿದ್ದ ಕಾಲದಲ್ಲಿ ಎರಡು ಮದುವೆಗಳು ಹೀಗೆ ಮುಗಿದವು. ಇನ್ನು ಅರುಣ್ ಕಡೆಯಿಂದ ಯೋಚಿಸಿದರೆ ಚಿತ್ರ ಇಲ್ಲಿ ಕುಂಟುತ್ತದೆ. ಅಕ್ಕನನ್ನು ಬಯಸಿದವನು ಅರೆಗಳಿಗೆಯಲ್ಲಿ ತಂಗಿಗೆ ತಾಳಿ ಕಟ್ಟುತ್ತಾನೆ. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಕವಿತಾಳಿಗೂ ಇಲ್ಲ. ಉಪಕಾರ ಮಾಡುವವರ ಕೈ ಕೆಲವೊಮ್ಮೆ ಎಷ್ಟು ಬಿಗಿಯಾಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ, ನಿರ್ದೇಶಕರು ಬೇಕೆಂದೇ ಇಟ್ಟದ್ದೋ ಅಲ್ಲವೋ.

ಇದೇ ಬಗೆಯ ಮನೆಯನ್ನು ಬಂಗಾಳದಲ್ಲಿ ಋತ್ವಿಕ್ ಘಟಕ್ 1960ರಲ್ಲೇ 'ಮೇಘೇ ಢಾಕಾ ತಾರಾ'ದಲ್ಲಿ ತೋರಿಸಿದ್ದರು. ದೇಶ ವಿಭಜನೆಯಿಂದ ನೆಲೆ ಕಳೆದುಕೊಂಡು ಕಲ್ಕತ್ತೆಯ ಅಂಚಿಗೆ ಬಂದ ಕುಟುಂಬ, ದುಡಿಯುವ ಮಗಳು ನೀತಾ, ಅವಳ ಪ್ರಿಯಕರನನ್ನು ಕೈಹಿಡಿಯುವ ತಂಗಿ. ಹೋಲಿಕೆ ಎದ್ದು ಕಾಣುತ್ತದೆ. ಆದರೆ ನೀತಾ ಕ್ಷಯ ಹತ್ತಿ ಬೆಟ್ಟದ ಆಸ್ಪತ್ರೆಗೆ ಸೇರುತ್ತಾಳೆ. ನಾನು ಬದುಕಬೇಕೆಂದಿದ್ದೆ ಎಂದು ಅಣ್ಣನ ಮುಂದೆ ಅವಳು ಕೂಗುವ ಕೂಗು ಬೆಟ್ಟಗಳಿಗೆ ಬಡಿದು ಮರುದನಿಸುತ್ತದೆ. ಘಟಕ್ ಅವಳನ್ನು ಸವೆಸಿ ಮುಗಿಸುತ್ತಾರೆ, ಆ ಮುಗಿಯುವಿಕೆಯಿಂದ ನಮ್ಮ ಎದೆ ಸೀಳುತ್ತದೆ. ಕವಿತಾಳಿಗೆ ಆ ಭಾಗ್ಯವೂ ಇಲ್ಲ. ಅವಳಿಗೆ ರೋಗ ಬರುವುದಿಲ್ಲ, ಸಾವು ಬರುವುದಿಲ್ಲ. ನಾಳೆ ಬರುತ್ತದೆ.

ಶೀರ್ಷಿಕೆ ಹೇಳುವುದೂ ಅದನ್ನೇ. 'ತೊಡರ್ ಕಥೈ' ಎಂದರೆ ಧಾರಾವಾಹಿ. ತಮಿಳು ವಾರಪತ್ರಿಕೆಗಳನ್ನು ಕಾದು ಓದುತ್ತಿದ್ದ ಮನೆಗಳಿಗೆ ಆ ಶಬ್ದದ ರುಚಿ ಗೊತ್ತಿತ್ತು. ಕಂತು ಮುಗಿದಲ್ಲಿ ಅವರ ಪತ್ರಿಕೆ 'ತೊಡರುಂ' ಎನ್ನುತ್ತಿತ್ತು, ನಮ್ಮ ಪತ್ರಿಕೆಗಳು 'ಸಶೇಷ' ಎನ್ನುತ್ತಿದ್ದವು. ಶಬ್ದದ ಬೇರು ಕನ್ನಡಕ್ಕೂ ತಮಿಳಿಗೂ ಒಂದೇ. ತಮಿಳಿನಲ್ಲಿ ತೊಡರ್ ಎಂದರೆ ಮುಂದುವರಿ, ಬೆನ್ನುಹತ್ತು; ಸಾಲಾಗಿ ಹೋಗುವ ರೈಲು ಅವರಿಗೆ ತೊಡರ್ವಂಡಿ. ನಮ್ಮಲ್ಲಿ ತೊಡರು ಎಂದರೆ ಕಾಲಿಗೆ ಸಿಕ್ಕಿಕೊಳ್ಳುವುದು, ಎಡವಿಸುವುದು. ಹಳಗನ್ನಡಕ್ಕೆ ಹೋದರೆ ತೊಡರ್ ಎಂದರೆ ಸರಪಳಿ. ವೀರನಾದವನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಬಿರುದಿನ ಸಂಕೋಲೆಗೂ ಅದೇ ಹೆಸರು. ಮುಂದುವರಿಯುವುದು, ಸಿಕ್ಕಿಕೊಳ್ಳುವುದು, ಬಿರುದೆಂದು ಕಾಲಿಗೆ ಸರಪಳಿ ಕಟ್ಟಿಕೊಳ್ಳುವುದು. ಕನ್ನಡ ಬಲ್ಲವನು ಆ ತಮಿಳು ಶೀರ್ಷಿಕೆಯನ್ನು ಓದಿದರೆ ಮೂರೂ ಒಟ್ಟಿಗೆ ಕೇಳಿಸುತ್ತವೆ. ತಮಿಳರಿಗೆ ಇಲ್ಲದ ಈ ಒಂದು ಲಾಭ ನಮಗಿದೆ.

ಭಾಷೆ ಬದಲಾದಂತೆ ಹೆಸರೂ ಬದಲಾಯಿತು. 1976ರಲ್ಲಿ ಬಾಲಚಂದರ್ ಅದನ್ನೇ ತೆಲುಗಿನಲ್ಲಿ 'ಅಂತುಲೇನಿ ಕಥ' ಎಂದರು, ಕೊನೆಯಿಲ್ಲದ ಕಥೆ. ನಾಯಕಿಯಾಗಿ ಜಯಪ್ರದಾ, ಕುಡುಕ ಅಣ್ಣನಾಗಿ ರಜನಿಕಾಂತ್. ಮರುವರ್ಷ ಬಂಗಾಳಿಯಲ್ಲಿ ಮಾಲಾ ಸಿನ್ಹಾ ನಟಿಸಿದ ಚಿತ್ರಕ್ಕೆ ನಾಯಕಿಯ ಹೆಸರನ್ನೇ ಇಟ್ಟರು, 'ಕಬಿತಾ'. ಹಿಂದಿಯಲ್ಲಿ 1982ಕ್ಕೆ ರೇಖಾ ಅಭಿನಯದ 'ಜೀವನ್ ಧಾರಾ' ಬಂತು, ಬದುಕಿನ ಹರಿವು. ಕನ್ನಡಕ್ಕೆ ಬಾಲಚಂದರ್ ತಾವೇ ಬಂದಾಗ ಸುಹಾಸಿನಿ ನಾಯಕಿ, ಹೆಸರು 'ಬೆಂಕಿಯಲ್ಲಿ ಅರಳಿದ ಹೂವು'. ಇವುಗಳಲ್ಲೆಲ್ಲ ಕನ್ನಡದ ಹೆಸರು ಅತಿ ಸುಂದರ, ಅತಿ ದೂರ ಕೂಡ. ಉಳಿದ ಭಾಷೆಗಳು ಅವಳ ದಿನಚರಿಯನ್ನು ಹೆಸರಿಸಿದರೆ ಕನ್ನಡ ಅವಳಿಗೆ ಹಾರ ಹಾಕಿತು. ಹೂವು ಎಂದೊಡನೆ ಬೆಂಕಿ ಹಚ್ಚಿದವರ ವಿಚಾರ ಹಿಂದೆ ಸರಿಯುತ್ತದೆ. ಆದರೂ ಆ ಹೆಸರನ್ನು ಬಾಯಲ್ಲಿ ಹೇಳಿಕೊಂಡಾಗ ಇಷ್ಟವಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಡಿನ ಪ್ರಯಾಣವನ್ನೂ ಹೇಳಿಬಿಡಬೇಕು. ತಮಿಳಿನ ಮೂಲ ಹಾಡು 'ಕಡವುಳ್ ಅಮೈತ್ತು ವೈತ್ತ ಮೇಡೈ', ದೇವರು ಕಟ್ಟಿಟ್ಟ ವೇದಿಕೆ. ಯಾರಿಗೆ ಯಾರೆಂದು ಅವನು ಅಂದೇ ಬರೆದಿಟ್ಟಿದ್ದಾನೆ ಎಂದು ಕಣ್ಣದಾಸನ್ ಬರೆದರು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದರು, ನಡುವಿನ ಹಕ್ಕಿಪ್ರಾಣಿಗಳ ಕೂಗಿಗೆ ಮಿಮಿಕ್ರಿ ಕಲಾವಿದ ಸದನ್. ಕಾಡಿನ ಹಕ್ಕಿಗಳ ಕಥೆ ಹೇಳುವ ಆ ಹಾಡನ್ನು ತೆರೆಯ ಮೇಲೆ ಹಾಡಿದ್ದು ಗೋಪಾಲ ಎಂಬ ವಿಕಟಕವಿ, ಆಗಿನ್ನೂ ಹುಡುಗನಾಗಿದ್ದ ಕಮಲ್ ಹಾಸನ್. ತೆಲುಗಿನಲ್ಲಿ ಅದು 'ತಾಳಿ ಕಟ್ಟು ಶುಭವೇಳ' ಎಂದಾಯಿತು, ಅಲ್ಲಿಂದ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಕನ್ನಡಕ್ಕೆ ಇಳಿಯಿತು. ದೇವರ ವೇದಿಕೆ ಹೋಗಿ ತಾಳಿ ಬಂದದ್ದರಿಂದಲೇ ಅದು ನಮ್ಮ ಛತ್ರಗಳನ್ನು ಸೇರಿತೇನೋ.

ಕಮಲ್ ಹಾಸನ್ ತಮಿಳಿನಲ್ಲಿ ಈ ವಿಕಟಕವಿ, ತೆಲುಗಿನಲ್ಲಿ ಕೈತಪ್ಪುವ ವರ ಅರುಣ್. ಕನ್ನಡಕ್ಕೆ ಬರುವ ಹೊತ್ತಿಗೆ ಅವರು ದೊಡ್ಡ ತಾರೆ, ನಾಯಕಿ ಅವರ ಅಣ್ಣನ ಮಗಳು. ಹಾಗಾಗಿ ಅವರು ಖಾಕಿ ತೊಟ್ಟು ಬಸ್ ಕಂಡಕ್ಟರ್ ಆಗಿ ಒಂದು ಹಾಡಿನ ಹೊತ್ತು ಬಂದು ಹೋದರು. 'ಮುಂದೆ ಬನ್ನಿ, ಮುಂದೆ ಬನ್ನಿ' ಎಂದು ಜನರನ್ನು ಒಳಕ್ಕೆ ಸರಿಸುತ್ತ, ಟಿಕೆಟ್ ಹರಿಯುತ್ತ, ತಮಾಷೆ ಮಾಡುತ್ತ ಹಾಡುತ್ತಾರೆ. ಬಸ್ಸು ಕಚೇರಿಯ ಹೊತ್ತಿನ ಜನರಿಂದ ತುಂಬಿದೆ.